ಸೈಕಲ್ಲಿನ ಮೇಲೆ ಘಟ್ಟ: ಏರುವ ಲೆಕ್ಕ, ಇಳಿಯುವ ಲೆಕ್ಕ

ಮುಂಬರುವ ಡಿಸೆಂಬರಿನಲ್ಲಿ ನಾವು ಕೆಲವರು ಮಿತ್ರರು ಸೈಕಲ್ಲಿನ ಮೇಲೆ ಘಟ್ಟವನ್ನು ಸುತ್ತಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಉಡುಪಿಯಿಂದ ಹೊರಟು, ಹೆಬ್ರಿ ಸೋಮೇಶ್ವರಗಳ ಮಾರ್ಗವಾಗಿ ಆಗುಂಬೆ ಘಟ್ಟವನ್ನೇರಿ, ಶೃಂಗೇರಿ, ಬಾಳೆಹೊನ್ನೂರು, ಚಿಕ್ಕಮಗಳೂರು, ಮೂಡಿಗೆರೆಗಳನ್ನು ಹಾದು, ಕೊಟ್ಟಿಗೆಹಾರದ ಬಳಿ ಚಾರ್ಮಾಡಿ ಘಟ್ಟವನ್ನಿಳಿದು, ಬೆಳ್ತಂಗಡಿ, ಮೂಡಬಿದಿರೆ, ಕಾರ್ಕಳಗಳ ಮೇಲೆ ಮತ್ತೆ ಉಡುಪಿಯನ್ನು ಸೇರಬೇಕು. ಒಟ್ಟು ದೂರ ಸುಮಾರು 350 ಕಿಲೋಮೀಟರ್. ಅವಧಿ ಐದು ದಿನ. ಘಟ್ಟದ ಬುಡದಲ್ಲಿರುವ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನದ ಉಪಕರಣಗಳನ್ನು ಕೊಡಿಸುವುದಕ್ಕಾಗಿ ಹಣ ಕೂಡಿಸುವುದು ಈ ಯಾತ್ರೆಯ ಉದ್ದೇಶ. ಆ ಶಾಲೆಯ ಮಕ್ಕಳು ಓಮನ ನಿಯಮವನ್ನು ಕಪ್ಪುಹಲಗೆಯ ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ. ನಾವು ಕ್ರಮಿಸುವ ಒಂದೊಂದು ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ದಾನಿಗಳು ಮಾತು ಕೊಡಬೇಕು. ಹಿಂದಿರುಗಿದ ಮೇಲೆ ಲೆಕ್ಕಹಾಕಿ ಹಣ ಕೊಡಬೇಕು.

ಹೀಗೆ ಮಾತು ಪಡೆಯುತ್ತ ನಮ್ಮ ಬೀದಿಯ ಸೈಕಲ್ ಅಂಗಡಿಗೆ ಹೋದಾಗ ಯಜಮಾನರು ಒಂದು ಷರತ್ತನ್ನು ಮುಂದಿಟ್ಟರು. “ನೋಡಿ ಮಾಷ್ಟ್ರೇ, ಏರುವ ದಾರಿಗೆ ಕಿಲೋಮೀಟರಿಗೆ 50 ರೂಪಾಯಿ ಕೊಡುತ್ತೇನೆ. ಇಳಿಯುವುದಕ್ಕೆ ಒಂದು ಪೈಸೆಯೂ ಇಲ್ಲ. ಇಳಿಯುವಾಗ ನೀವೇನು ಮಾಡುತ್ತೀರಿ? ಸೈಕಲ್ಲು ತಾನೇ ಹೋಗುತ್ತದೆ!”

ಆಗ ನಾವೆಲ್ಲರೂ ನಕ್ಕೆವು. ಯಜಮಾನರು ಭೌತಶಾಸ್ತ್ರದ ‘ಕೆಲಸ’ ಎಂಬ ಪದದ ಅರ್ಥವನ್ನು ಸರಿಯಾಗಿ ತಿಳಿದುಕೊಂಡಿದ್ದಾರೆಂದು ನಾವು ಮಿತ್ರರಿಗೆ ಹೇಳಿದ್ದೂ ಉಂಟು. ಎರಡು ತಿಂಗಳ ನಮ್ಮ ಸಿದ್ಧತೆಯೆಲ್ಲ ಆ ಅಂಗಡಿಯವರ ಷರತ್ತಿನಂತೆಯೇ ನಡೆಯಿತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ಏರುವ ಲೆಕ್ಕವನ್ನು ನೋಡೋಣ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಹದಿನಾಲ್ಕು ಕಡಿದಾದ ತಿರುವುಗಳುಳ್ಳ ಘಟ್ಟದ ರಸ್ತೆ ಸೋಮೇಶ್ವರದ ಕಡೆಯಿಂದ ಮೇಲೇರುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ ಏರು 500 ಮೀಟರ್, ರಸ್ತೆಯ ಉದ್ದ 8 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ ಹದಿನಾರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ ಹೋದಂತಾಯಿತು. ಸವಾರನ ತೂಕ 60 ಕಿಲೋಗ್ರಾಮ್, ಸೈಕಲ್ಲಿನದು 15, ಗಂಟುಮೂಟೆ 10; ಒಟ್ಟು 85. ಇಷ್ಟು ತೂಕವನ್ನು 500 ಮೀಟರ್ ಎತ್ತುವುದಕ್ಕೆ 85 × 9.8 × 500, ಅಂದರೆ ಸುಮಾರು 4 ಲಕ್ಷ 17 ಸಾವಿರ ಜೂಲುಗಳಷ್ಟು ಕೆಲಸವಾಗಬೇಕು. ಆಹಾರದ ಭಾಷೆಯಲ್ಲಿ ಹೇಳುವುದಾದರೆ ಇದು ಕೇವಲ 100 ಕಿಲೋಕ್ಯಾಲೊರಿ. ಒಂದು ಬಾಳೆಹಣ್ಣಿನಲ್ಲಿರುವ ಶಕ್ತಿ. ಒಂದು ಬಾಳೆಹಣ್ಣಿನ ಬಲದಿಂದ ಆಗುಂಬೆಯನ್ನೇರಬಹುದೆಂದು ವಿದ್ಯಾರ್ಥಿಗಳು ಸಂತೋಷಪಡಬಾರದು. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಉಳಿದುದೆಲ್ಲ ಉಷ್ಣವಾಗಿ ಮೈಯಿಂದ ಹೊರಟುಹೋಗುತ್ತದೆ. ಆದ್ದರಿಂದ ನಾಲ್ಕೈದು ಹಣ್ಣು ಬೇಕು. ದಾರಿಯ ಘರ್ಷಣೆಗಾಗಿ ಇನ್ನೂ ಅರ್ಧ ಹಣ್ಣು ಸೇರಿಸಿದರೆ ತಪ್ಪಿಲ್ಲ.

ಈ ಉಷ್ಣವೇ ನೀರಿನ ಲೆಕ್ಕಕ್ಕೂ ಮೂಲ. ಸಾಮಾನ್ಯ ಅಭ್ಯಾಸವುಳ್ಳ ಮನುಷ್ಯನು ಒಂದೆರಡು ಗಂಟೆಗಳ ಕಾಲ ಬಿಡದೆ ಒದಗಿಸಬಲ್ಲ ಸಾಮರ್ಥ್ಯ ಸುಮಾರು 100 ವಾಟ್. ಒಂದು ಕುದುರೆ ಸಾಮರ್ಥ್ಯದ ಏಳನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ. ಆಗ ಅವನ ಮೈಯಲ್ಲಿ ಸೆಕೆಂಡಿಗೆ 350 ಜೂಲುಗಳಷ್ಟು ಉಷ್ಣ ಹುಟ್ಟುತ್ತದೆ. ಇದನ್ನು ಬೆವರು ಆರುವುದರಿಂದಲೇ ಹೊರಹಾಕಬೇಕಾದರೆ ಗಂಟೆಗೆ ಅರ್ಧ ಲೀಟರಿಗೂ ಮಿಗಿಲಾಗಿ ಬೆವರು ಆವಿಯಾಗಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಕ್ಕಿಂತ ತೊಟ್ಟಿಕ್ಕುವುದೇ ಹೆಚ್ಚು. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪುಮಾಡುವುದಿಲ್ಲ, ಆದರೆ ನೀರನ್ನೂ ಉಪ್ಪನ್ನೂ ತೆಗೆದುಕೊಂಡು ಹೋಗುತ್ತದೆ. ಆದುದರಿಂದ ಸೋಮೇಶ್ವರವನ್ನು ಬೆಳಗ್ಗೆ ಆರೂವರೆಗೇ ಬಿಡಬೇಕೆಂದೂ, ತಲೆಗೆ ಎರಡು ಲೀಟರ್ ನೀರು ಬೇಕೆಂದೂ ನಿಶ್ಚಯವಾಯಿತು. ಅದರಲ್ಲಿ ಒಂದು ಲೀಟರಿಗೆ ಬೆಲ್ಲವನ್ನೂ ಚಿಟಿಕೆ ಉಪ್ಪನ್ನೂ ಹಾಕಿ ನಿಂಬೆಹಣ್ಣು ಹಿಂಡಬೇಕು. ಪೇಟೆಯ ಬಣ್ಣದ ಪುಡಿಗಳಿಗಿಂತ ನಮ್ಮ ಪಾನಕದಲ್ಲಿ ಯಾವ ಕೊರತೆಯನ್ನೂ ನಾವು ಕಂಡಿಲ್ಲ.

ಇನ್ನು ವೇಗ. ಇಳಿಜಾರಿನಲ್ಲಿ ತೂಕವು ಸೈಕಲ್ಲನ್ನು ಹಿಂದಕ್ಕೆಳೆಯುವ ಬಲ 85 × 9.8 ರ ಹದಿನಾರನೆಯ ಒಂದು ಪಾಲು, ಅಂದರೆ 52 ನ್ಯೂಟನ್. ಟೈರಿನ ಉರುಳು ಘರ್ಷಣೆಗೆ ಇನ್ನೊಂದು 7 ನ್ಯೂಟನ್ ಕೂಡಿಸಿದರೆ 59. ನೂರು ವಾಟ್ ಸಾಮರ್ಥ್ಯವನ್ನು ಇದರಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 1.7 ಮೀಟರ್, ಗಂಟೆಗೆ ಆರು ಕಿಲೋಮೀಟರು. ಚುರುಕಾಗಿ ನಡೆಯುವವನು ನಮ್ಮ ಜೊತೆಗೆ ಮಾತನಾಡಿಕೊಂಡು ಬರಬಹುದು! ಘಟ್ಟದ ಏರಿಗೆ ಸುಮಾರು 80 ನಿಮಿಷ ಹಿಡಿಯುತ್ತದೆ. ಇಲ್ಲಿ ಒಂದು ಸ್ವಾರಸ್ಯವುಂಟು. ಹೊರೆ ಒಂದು ಕಿಲೋಗ್ರಾಮ್ ಹೆಚ್ಚಿದರೆ ಒಟ್ಟು ತೂಕ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ಸಮಯವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಕಿಲೋಗ್ರಾಮಿಗೆ ಒಂದು ನಿಮಿಷ ಎಂದು ನೆನಪಿಟ್ಟುಕೊಂಡರೆ ಸಾಕು. ಈ ಸೂತ್ರವನ್ನು ಹೇಳಿದ ಮೇಲೆಯೇ ಬ್ಯಾಂಕಿನ ಮಿತ್ರರು ತಮ್ಮ ನಾಲ್ಕು ಅಂತಸ್ತಿನ ಸ್ಟೀಲಿನ ಟಿಫಿನ್ ಕ್ಯಾರಿಯರನ್ನು ಮನೆಯಲ್ಲಿ ಬಿಡಲು ಒಪ್ಪಿದ್ದು.

ಹಾಗಾದರೆ ಗೇರುಗಳು ಮಾಡುವುದೇನು? ಗೇರುಳ್ಳ ಸೈಕಲ್ಲಿನಿಂದ ಘಟ್ಟ ಹತ್ತುವ ಕೆಲಸ ಕಡಿಮೆಯಾಗುತ್ತದೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಎತ್ತಬೇಕಾದ ತೂಕವೂ ಎತ್ತರವೂ ಬದಲಾಗದಿರುವಾಗ ಕೆಲಸ ಹೇಗೆ ಕಡಿಮೆಯಾದೀತು? ಬದಲಾಗುವುದು ಆ ಕೆಲಸವನ್ನು ಎಷ್ಟು ಕಂತುಗಳಲ್ಲಿ ಸಲ್ಲಿಸುತ್ತೇವೆ ಎಂಬುದು. ಹಳೆಯ ಕಾಲದ ಒಂದು ಸಾಧಾರಣ ಸೈಕಲ್ಲನ್ನು ತೆಗೆದುಕೊಳ್ಳಿ. ಪೆಡಲಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂಗಾಲಿಯ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ಬಂದರೆ ಗಾಲಿ ಎರಡೂ ಮುಕ್ಕಾಲು ಸುತ್ತಿಗೆ ಸಮೀಪ ತಿರುಗಿ, ಸೈಕಲ್ಲು ಸುಮಾರು 5.9 ಮೀಟರ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ನಮ್ಮ ಪಾದ ಸವೆಸುವ ವೃತ್ತ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ 59 ನ್ಯೂಟನ್ ಬಲಕ್ಕೆ ಪ್ರತಿಯಾಗಿ ಪಾದ ಒತ್ತಬೇಕಾದದ್ದು ಸರಾಸರಿ 325 ನ್ಯೂಟನ್. 33 ಕಿಲೋಗ್ರಾಮಿನ ತೂಕವನ್ನು ಸದಾ ಕಾಲಡಿಯಲ್ಲಿ ಅದುಮಿದಂತೆ. ಮುಂದೆ 28, ಹಿಂದೆ 32 ಹಲ್ಲಿರುವ ಗೇರಿನಲ್ಲಾದರೆ ಒಂದು ಸುತ್ತಿಗೆ ಎರಡು ಮೀಟರಿಗಿಂತ ಕಡಿಮೆ ದೂರ. ಒತ್ತಬೇಕಾದ ಬಲವೂ 11 ಕಿಲೋಗ್ರಾಮಿಗೆ ಇಳಿಯುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಸುತ್ತುಗಳ ಸಂಖ್ಯೆ: ಮೊದಲನೆಯ ಸೈಕಲ್ಲಿನಲ್ಲಿ ಘಟ್ಟಕ್ಕೆ 1,360 ಸುತ್ತು ಸಾಕಾದರೆ ಎರಡನೆಯದರಲ್ಲಿ 4,100ಕ್ಕೂ ಹೆಚ್ಚು. ಸ್ನಾಯುಗಳ ಸ್ವಭಾವ ವಿಚಿತ್ರವಾದುದು. ದೊಡ್ಡ ಬಲವನ್ನು ಕೆಲವೇ ಸಲ ಪ್ರಯೋಗಿಸಿದರೆ ಅವು ಬೇಗ ಸೋಲುತ್ತವೆ; ಸಣ್ಣ ಬಲವನ್ನು ಸಾವಿರಾರು ಸಲ ಕೇಳಿದರೆ ಗೊಣಗದೆ ಕೊಡುತ್ತವೆ.

ಆದರೂ ಈ ಸೌಲಭ್ಯವನ್ನು ಹೀನವೆಂದು ಭಾವಿಸಿದವರಿದ್ದರು. 1903ರಲ್ಲಿ ಪ್ರಾರಂಭವಾದ ಫ್ರಾನ್ಸ್ ದೇಶದ ಪ್ರಸಿದ್ಧ ಸೈಕಲ್ ಪಂದ್ಯದಲ್ಲಿ ಸರಪಣಿಯನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಗೇರಿಗೆ ಪೂರ್ಣ ಸಮ್ಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೆ ಮುಂಚೆ ಪರ್ವತದ ಬುಡದಲ್ಲಿ ಸ್ಪರ್ಧಿಗಳು ಕೆಳಗಿಳಿದು, ಹಿಂಗಾಲಿಯನ್ನು ಬಿಚ್ಚಿ ತಿರುಗಿಸಿ, ಇನ್ನೊಂದು ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಸರಪಣಿ ಹಾಕಿಕೊಳ್ಳುತ್ತಿದ್ದರು.

ನಮ್ಮ ತಂಡದಲ್ಲಿಯೂ ಈ ಮನೋಭಾವದ ಒಬ್ಬರಿದ್ದರು. ನಮ್ಮ ಕಾಲೇಜಿನಲ್ಲೇ ಇತಿಹಾಸವನ್ನು ಬೋಧಿಸುವ ಮಿತ್ರರು. ಅವರ ತಂದೆಯವರು ಮೂವತ್ತು ವರ್ಷ ಅಂಚೆ ಹಂಚಿದ ಸೈಕಲ್ಲು ಅವರ ಮನೆಯ ಜಗಲಿಯ ಮೇಲಿದೆ: ಕರಿಯ ಬಣ್ಣ, ಕಬ್ಬಿಣದ ಸರಳಿನ ಬ್ರೇಕು, ಹೊಳೆಯುವ ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮು. “ಇದೇ ಸೈಕಲ್ಲಿನಲ್ಲಿ ಬರುತ್ತೇನೆ, ಇಲ್ಲವಾದರೆ ಬರುವುದೇ ಇಲ್ಲ” ಎಂದರು. ಅವರನ್ನು ಬಿಟ್ಟು ಹೋಗಲು ನಮಗೆ ಮನಸ್ಸಿರಲಿಲ್ಲ. ಹಿಂದಿನ ಫ್ರೀವೀಲನ್ನು ತೆಗೆಸಿ 22 ಹಲ್ಲಿನದನ್ನು ಹಾಕಿಸಿದೆವು. ಒತ್ತಬೇಕಾದ ಬಲ 33 ಕಿಲೋಗ್ರಾಮಿನಿಂದ 27ಕ್ಕೆ ಇಳಿಯಿತು. ಉಳಿದುದಕ್ಕೆ ಅವರ ಹಟವೇ ಸಾಕೆಂದುಕೊಂಡೆವು. ತೀರ ಕಷ್ಟವಾದೆಡೆ ಇಳಿದು ತಳ್ಳಿದರಾಯಿತು. ಭೌತಶಾಸ್ತ್ರದ ಪ್ರಕಾರ ತಳ್ಳುವವನಿಗೂ ತುಳಿಯುವವನಿಗೂ ಎತ್ತರದ ಲೆಕ್ಕ ಒಂದೇ. ಎಲ್ಲರ ಸೈಕಲ್ಲುಗಳಿಗೂ ಒಂದು ಪಟ್ಟಿ ತಯಾರಾಯಿತು. ಹಲ್ಲುಗಳ ಸಂಖ್ಯೆ, ಸವಾರನ ತೂಕ, ಹೊರೆ, ಒತ್ತುವ ಬಲ, ಬೇಕಾಗುವ ನಿಮಿಷಗಳು ಎಲ್ಲವನ್ನೂ ದಶಮಾಂಶದವರೆಗೆ ಬರೆದೆವು. ಕೊನೆಯಲ್ಲಿ ಒಂದು ಸಾಲು: ‘ಬ್ರೇಕು: ಸರಿಯಿದೆ’. ಆ ಸಾಲನ್ನು ಬರೆದ ಕೈ ನಮ್ಮದೇ. ಜಗಲಿಯ ಮೇಲೆ ನಿಂತ ಸೈಕಲ್ಲಿನ ಹಿಡಿಯನ್ನು ಒಮ್ಮೆ ಒತ್ತಿ ನೋಡಿ ಬರೆದದ್ದು.

ಅಕ್ಟೋಬರಿನ ಮೊದಲ ವಾರದ ಒಂದು ಭಾನುವಾರ, ಬೆಳಕು ಹರಿಯುವ ಹೊತ್ತಿಗೆ, ಮಣಿಪಾಲದ ಏರಿನಲ್ಲಿ ಅಭ್ಯಾಸಕ್ಕೆ ಹೋಗಿದ್ದೆವು. ಮಿತ್ರರು ಹಳೆಯ ಸೈಕಲ್ಲಿನಲ್ಲಿ ಇಳಿಯದೆ ಏರಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೆಳಗಿಳಿಯಲು ತೊಡಗಿದಾಗ ತುಂತುರು ಮಳೆ ಬಂದಿತು. ಮಿತ್ರರ ವೇಗ ಹೆಚ್ಚೇನೂ ಇರಲಿಲ್ಲ. ತಿರುವಿಗೆ ಇನ್ನೂ ದೂರವಿರುವಾಗಲೇ ಎರಡು ಬ್ರೇಕುಗಳನ್ನೂ ಒತ್ತಿದ್ದರಂತೆ. ಸೈಕಲ್ಲು ನಿಧಾನವಾಗಲಿಲ್ಲ. ಅವರು ಕೂಗಿದ್ದು ನಮಗೆ ಕೇಳಿಸಿತು. ನಾವು ಹೋಗಿ ನೋಡುವಾಗ ಅವರು ರಸ್ತೆಯ ಅಂಚಿನ ಚರಂಡಿಯಲ್ಲಿ ಕುಳಿತು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ಎದುರಿನಿಂದ ಆಗ ಯಾವ ವಾಹನವೂ ಬರುತ್ತಿರಲಿಲ್ಲ ಎಂಬುದನ್ನು ನೆನೆದರೆ ನಮಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಆ ರಾತ್ರಿ ನಾವು ಕುಳಿತು ಮಾಡಿದ ಲೆಕ್ಕವನ್ನು ಮೊದಲೇ ಮಾಡಬೇಕಾಗಿತ್ತು. ಅದು ಹೀಗಿದೆ.

ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿರುವ 85 ಕಿಲೋಗ್ರಾಮಿನ ಚಲನಶಕ್ತಿ ಸುಮಾರು 1,300 ಜೂಲ್. ಒಣಗಿದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರುಗಳು 250 ನ್ಯೂಟನ್ ಬಲದಿಂದ ತಡೆಯುತ್ತವೆ ಎನ್ನೋಣ. ಸಮತಟ್ಟಾದ ನೆಲದಲ್ಲಿ ಸೈಕಲ್ಲು ಸುಮಾರು ಐದು ಮೀಟರಿನಲ್ಲಿ ನಿಲ್ಲುತ್ತದೆ. ರಿಮ್ಮು ಒದ್ದೆಯಾದಾಗ ರಬ್ಬರಿಗೂ ಲೋಹಕ್ಕೂ ನಡುವೆ ನೀರಿನ ತೆಳ್ಳನೆಯ ಪದರ ನಿಲ್ಲುತ್ತದೆ. ಅಲ್ಯುಮಿನಿಯಮ್ ರಿಮ್ಮಿನ ಮೇಲೆ ಗಾಲಿ ಕೆಲವು ಸುತ್ತು ಬರುವಷ್ಟರಲ್ಲಿ ರಬ್ಬರು ಈ ಪದರವನ್ನು ಒರೆಸಿಹಾಕುತ್ತದೆ. ಕನ್ನಡಿಯಂತೆ ನುಣುಪಾದ ಕ್ರೋಮಿಯಂ ಲೇಪದ ಮೇಲೆ ಅದು ಸುಲಭವಾಗಿ ಹೋಗುವುದಿಲ್ಲ. ತಡೆಯುವ ಬಲ ನಾಲ್ಕನೆಯ ಒಂದು ಪಾಲಿಗೆ, ಕೆಲವು ವೇಳೆ ಇನ್ನೂ ಕೆಳಕ್ಕೆ ಇಳಿಯಬಹುದು. ಈಗ ಅದು 60 ನ್ಯೂಟನ್ ಎಂದಿಟ್ಟುಕೊಳ್ಳಿ. ಸಮತಟ್ಟಿನಲ್ಲಿ ನಿಲ್ಲುವ ದೂರ ಐದರಿಂದ ಇಪ್ಪತ್ತು ಮೀಟರಿಗೆ ಹೆಚ್ಚುತ್ತದೆ. ಕೆಟ್ಟದ್ದೇ, ಆದರೂ ಸವಾರನು ಹೇಗೋ ಸಂಭಾಳಿಸಿಯಾನು.

ಘಟ್ಟದಲ್ಲಿ ಏನಾಗುತ್ತದೆ? ಅಲ್ಲಿ ತೂಕವು ಸೈಕಲ್ಲನ್ನು 52 ನ್ಯೂಟನ್ ಬಲದಿಂದ ಮುಂದಕ್ಕೆ ಸೆಳೆಯುತ್ತಿರುತ್ತದೆ. ಏರುವಾಗ ನಮ್ಮ ವಿರುದ್ಧವಾಗಿದ್ದ 7 ನ್ಯೂಟನ್ ಘರ್ಷಣೆ ಈಗ ನಮ್ಮ ಪಕ್ಷ. ಅದನ್ನು ಕಳೆದರೆ 45. ಬ್ರೇಕಿನ ಬಲದಲ್ಲಿ ಮೊದಲ 45 ನ್ಯೂಟನ್ ವೇಗ ಹೆಚ್ಚದಂತೆ ನೋಡಿಕೊಳ್ಳುವುದಕ್ಕೇ ಖರ್ಚಾಗುತ್ತದೆ. ನಿಲ್ಲಿಸುವುದಕ್ಕೆ ದೊರೆಯುವುದು ಉಳಿದದ್ದು ಮಾತ್ರ. ಒಣಗಿದ ಬ್ರೇಕಿಗೆ 205 ನ್ಯೂಟನ್ ಉಳಿಯುವುದರಿಂದ ಆರೂವರೆ ಮೀಟರಿನೊಳಗೆ ನಿಲ್ಲಬಹುದು. ಒದ್ದೆಯಾದ ಬ್ರೇಕಿಗೆ ಉಳಿಯುವುದು 15 ನ್ಯೂಟನ್. ನಿಲ್ಲುವುದಕ್ಕೆ ಬೇಕಾದ ದೂರ ಸುಮಾರು 90 ಮೀಟರ್! ಬ್ರೇಕಿನ ಬಲ ಇನ್ನೂ ಸ್ವಲ್ಪ ಕುಗ್ಗಿ 45ಕ್ಕೆ ಬಂದರೆ ಸೈಕಲ್ಲು ನಿಲ್ಲುವುದೇ ಇಲ್ಲ. ಜಗಲಿಯ ಮೇಲೆ ಪರೀಕ್ಷಿಸಿದ ಬ್ರೇಕು ಜಗಲಿಯ ಮೇಲೆ ಸರಿಯಾಗಿಯೇ ಇತ್ತು.

ಇದು ಒಂದು ಕ್ಷಣದ ಮಾತಾಯಿತು. ಚಾರ್ಮಾಡಿಯಂಥ ಉದ್ದನೆಯ ಇಳುಕಲಿನಲ್ಲಿ ಇನ್ನೊಂದು ತೊಡಕಿದೆ. ಕೊಟ್ಟಿಗೆಹಾರದಿಂದ ಕೆಳಗಿನವರೆಗೆ 700 ಮೀಟರ್ ಇಳಿಯುತ್ತೇವೆ ಎಂದಿಟ್ಟುಕೊಂಡರೆ, ಏರುವಾಗ ಬೆವರು ಸುರಿಸಿ ಕೂಡಿಟ್ಟ ಪ್ರಚ್ಛನ್ನ ಶಕ್ತಿಯಲ್ಲಿ 5 ಲಕ್ಷ 80 ಸಾವಿರ ಜೂಲುಗಳನ್ನು ಎಲ್ಲಿಗಾದರೂ ಸಾಗಹಾಕಬೇಕು. ಎರಡು ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಸಿ ತಂಡಕ್ಕೆಲ್ಲ ಕಾಫಿ ಮಾಡುವಷ್ಟು ಶಕ್ತಿ ಅದು. ಸ್ವಲ್ಪ ಭಾಗ ಟೈರಿನ ಘರ್ಷಣೆಗೆ, ಸ್ವಲ್ಪ ಗಾಳಿಗೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಇಳಿದರೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು, ಸುಮಾರು 4 ಲಕ್ಷ ಜೂಲ್, ಬ್ರೇಕಿಗೆ ಸಲ್ಲುತ್ತದೆ. ಅರ್ಧ ಕಿಲೋಗ್ರಾಮ್ ತೂಕದ ಎರಡು ಅಲ್ಯುಮಿನಿಯಮ್ ರಿಮ್ಮುಗಳು ಈ ಉಷ್ಣವನ್ನೆಲ್ಲ ತಮ್ಮಲ್ಲೇ ಇಟ್ಟುಕೊಳ್ಳುವುದಾದರೆ ಅವುಗಳ ತಾಪ 400 ಡಿಗ್ರಿಗೂ ಮಿಗಿಲಾಗಿ ಏರಬೇಕಾಗಿತ್ತು. ಹಾಗಾಗದಂತೆ ಕಾಪಾಡುವುದು ರಿಮ್ಮಿನ ಮೇಲೆ ಬೀಸುವ ಗಾಳಿ. ಆದರೂ ರಿಮ್ಮು ಮುಟ್ಟಲಾಗದಷ್ಟು ಬಿಸಿಯಾಗುವುದುಂಟು. ಟ್ಯೂಬಿಗೆ ಹಾಕಿದ ಪಂಕ್ಚರಿನ ತೇಪೆ ಮೆತ್ತಗಾಗಿ ಬಿಟ್ಟುಕೊಳ್ಳುವುದೂ ಉಂಟು. ಮೇಲೆ ಹೇಳಿದ ಫ್ರಾನ್ಸಿನ ಪಂದ್ಯದಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಸೆಪೆದಾ ಎಂಬ ಸವಾರರು 1935ರಲ್ಲಿ ಬಿದ್ದು ಪ್ರಾಣ ಕಳೆದುಕೊಂಡರು. ಅವರು ಬಿದ್ದದ್ದು ಆಲ್ಪ್ಸ್ ಪರ್ವತದ ಗಾಲಿಬಿಯೆ ಎಂಬ ಕಣಿವೆಮಾರ್ಗದ ಇಳುಕಲಿನಲ್ಲಿ.

ಬ್ರೇಕಿನ ಹೊರೆಯನ್ನು ಹಗುರ ಮಾಡುವ ಉಪಾಯಗಳು ಇಲ್ಲದಿಲ್ಲ. ಬೆನ್ನನ್ನು ನೆಟ್ಟಗಿಟ್ಟು ಎದೆಯನ್ನು ಗಾಳಿಗೆ ಒಡ್ಡಿದರೆ ಗಾಳಿಯೇ ಪುಕ್ಕಟೆಯ ಬ್ರೇಕಾಗುತ್ತದೆ. ಪಂದ್ಯದವರಂತೆ ಹ್ಯಾಂಡಲಿನ ಮೇಲೆ ಬಾಗುವವರು ಈ ಸಹಾಯವನ್ನು ತಾವಾಗಿಯೇ ದೂರ ಮಾಡಿಕೊಳ್ಳುತ್ತಾರೆ. ತಿರುವಿಗೆ ಮುಂಚೆ, ನೇರವಾದ ದಾರಿಯಲ್ಲೇ ಬ್ರೇಕು ಒತ್ತಿ ವೇಗವನ್ನಿಳಿಸಬೇಕು. ಹತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಣರಸ್ತೆಯ ಮೇಲೆ ಗಂಟೆಗೆ 27 ಕಿಲೋಮೀಟರಿನವರೆಗೂ ಟೈರು ಹಿಡಿತವನ್ನು ಬಿಡದಿರಬಹುದು. ಅದೇ ತಿರುವಿನಲ್ಲಿ ಒದ್ದೆ ಎಲೆಗಳೋ ಮರಳೋ ಇದ್ದು ಘರ್ಷಣಾಂಕ ಅರ್ಧವಾದರೆ 19 ಕಿಲೋಮೀಟರಿಗೇ ಜಾರುತ್ತದೆ. ಟೈರಿಗಿರುವ ಹಿಡಿತ ಒಂದೇ ಗಂಟು. ಅದನ್ನು ತಿರುಗುವುದಕ್ಕೂ ನಿಲ್ಲುವುದಕ್ಕೂ ಏಕಕಾಲದಲ್ಲಿ ಖರ್ಚು ಮಾಡಲಾಗುವುದಿಲ್ಲ. ಹಿಂದಿನ ಬ್ರೇಕನ್ನು ಮಾತ್ರ ನಂಬುವ ಅಭ್ಯಾಸವೂ ಒಳ್ಳೆಯದಲ್ಲ. ವೇಗ ಇಳಿಯುತ್ತಿರುವಾಗ ಭಾರ ಮುಂಗಾಲಿಯ ಮೇಲೆ ಬೀಳುವುದರಿಂದ ಹಿಂಗಾಲಿ ಹಗುರವಾಗಿ ಬೇಗ ಜಾರುತ್ತದೆ. ಮುಂದಿನದನ್ನು ಮೆಲ್ಲಗೆ ಒತ್ತಲು ಕಲಿಯಬೇಕು.

ವಿದ್ಯಾರ್ಥಿಗಳಲ್ಲಿ ಕೆಲವರು ಮನಾಲಿಯಿಂದ ಲೇಹ್‌ಗೆ ಹೋಗುವ ಕನಸು ಕಾಣುತ್ತಿದ್ದಾರೆ. ಆ ದಾರಿಯ ತಂಗ್‌ಲಂಗ್ ಲಾ ಕಣಿವೆಮಾರ್ಗ 5,300 ಮೀಟರಿಗೂ ಎತ್ತರ. ಅಲ್ಲಿನ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟೇ. ನಮ್ಮ ಘಟ್ಟದ ನೂರು ವಾಟುಗಳನ್ನು ಅಲ್ಲಿ ಯಾರೂ ನಿರೀಕ್ಷಿಸಬಾರದು. ಗಾಳಿಯ ತಡೆಯೂ ಅಲ್ಲಿ ಅರ್ಧವಾಗುವುದರಿಂದ ಇಳುಕಲಿನ ವೇಗ ಇನ್ನೂ ಹೆಚ್ಚು.

ಈಗ ನಮ್ಮ ಪಟ್ಟಿ ಬದಲಾಗಿದೆ. ‘ಸರಿಯಿದೆ’ ಎಂಬ ಪದವನ್ನು ಹೊಡೆದುಹಾಕಿದ್ದೇವೆ. ಪ್ರತಿಯೊಂದು ಸೈಕಲ್ಲನ್ನೂ ಹೊರೆಸಹಿತವಾಗಿ ಇಳಿಜಾರಿನಲ್ಲಿ ಓಡಿಸಿ, ರಿಮ್ಮುಗಳಿಗೆ ನೀರು ಹೊಯ್ದು, ಗುರುತು ಹಾಕಿದ ಜಾಗದಲ್ಲಿ ಬ್ರೇಕು ಒತ್ತಿ, ನಿಂತ ದೂರವನ್ನು ಟೇಪಿನಿಂದ ಅಳೆದು ಬರೆದಿದ್ದೇವೆ. ಬ್ಯಾಂಕಿನ ಮಿತ್ರರ ಹೊಸ ಸೈಕಲ್ಲಿಗೆ ಡಿಸ್ಕ್ ಬ್ರೇಕಿದೆ. ಒದ್ದೆಯಾದರೂ ಅದರ ದೂರ ಹೆಚ್ಚು ಬದಲಾಗಲಿಲ್ಲ. ನಮ್ಮದು ಅಲ್ಯುಮಿನಿಯಮ್ ರಿಮ್ಮು. ಒದ್ದೆಯಲ್ಲಿ ದೂರ ಇಮ್ಮಡಿಯಾಯಿತು. ಚಾರ್ಮಾಡಿಯಲ್ಲಿ ನಾಲ್ಕು ಕಡೆ ಇಳಿದು, ರಿಮ್ಮು ಆರುವವರೆಗೆ ನಿಲ್ಲುವುದೆಂದು ಗೊತ್ತುಮಾಡಿದ್ದೇವೆ. 2019ರ ಆಗಸ್ಟಿನ ಮಳೆಯಲ್ಲಿ ಹಲವೆಡೆ ಗುಡ್ಡ ಜರಿದ ರಸ್ತೆ ಅದು. ಹೊರಡುವ ಹಿಂದಿನ ದಿನ ಅಲ್ಲಿಯವರನ್ನು ವಿಚಾರಿಸಿಯೇ ಮುಂದುವರಿಯುತ್ತೇವೆ. ಮಳೆ ಬಂದರೆ ಸೈಕಲ್ಲಿನಿಂದಿಳಿದು ನಡೆಯುವುದು. ಅದಕ್ಕಾಗಿ ಆ ದಿನದ ಪ್ರಯಾಣವನ್ನು 30 ಕಿಲೋಮೀಟರಿನಷ್ಟು ಕಡಿಮೆ ಮಾಡಿದ್ದೇವೆ.

ಇತಿಹಾಸದ ಮಿತ್ರರ ಕೈಯ ಕಟ್ಟನ್ನು ಬಿಚ್ಚಿದ್ದಾರೆ. ಜನವರಿಯವರೆಗೆ ಹ್ಯಾಂಡಲು ಹಿಡಿಯಕೂಡದೆಂದು ಡಾಕ್ಟರರ ಅಪ್ಪಣೆ. ಪಂಪು, ಟ್ಯೂಬು, ಔಷಧದ ಪೆಟ್ಟಿಗೆಗಳೊಡನೆ ಅವರು ಬಾಡಿಗೆಯ ಜೀಪಿನಲ್ಲಿ ನಮ್ಮ ಹಿಂದೆ ಬರುತ್ತಾರೆ. ನಮ್ಮ ಪಟ್ಟಿಯ ಆ ಸಾಲಿನ ವಿಚಾರವನ್ನು ಅವರ ಮುಂದೆ ಹೇಳಿ ಕ್ಷಮೆ ಕೇಳಿದಾಗ, “ಹಿಡಿಯನ್ನು ನಾನೂ ಒತ್ತಿ ನೋಡಿದ್ದೆನಲ್ಲ” ಎಂದಷ್ಟೇ ಅಂದರು. ತಂದೆಯ ಸೈಕಲ್ಲಿಗೆ ಅಲ್ಯುಮಿನಿಯಮ್ ರಿಮ್ಮು ಹಾಕಿಸಲು ಈಗ ಒಪ್ಪಿದ್ದಾರೆ.

ಅಂಗಡಿಯ ಯಜಮಾನರಿಗೂ ತೊಂಬತ್ತು ಮೀಟರಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದೆವು. ಗಮನವಿಟ್ಟು ನೋಡಿದರು. ಇಳುಕಲಿನ ಕಿಲೋಮೀಟರುಗಳಿಗೆ ಹಣ ಕೊಡಲು ಅವರು ಇನ್ನೂ ಒಪ್ಪಿಲ್ಲ. ಆದರೆ ಒಳಗೆ ಹೋಗಿ, ರಿಮ್ಮಿನ ಬ್ರೇಕಿರುವ ನಮ್ಮ ನಾಲ್ಕು ಸೈಕಲ್ಲುಗಳಿಗೂ ಸಾಲುವಷ್ಟು ಹೊಸ ಬ್ರೇಕ್ ರಬ್ಬರುಗಳನ್ನು ತಂದು ಮೇಜಿನ ಮೇಲಿಟ್ಟು, ಬಿಲ್ಲು ಬರೆಯದೆ ಕಾಗದದಲ್ಲಿ ಸುತ್ತಿ ಕೊಟ್ಟರು.